ಒಂದನೇ ನಂಬರ್ ಖಾನಾವಳಿ

ಮಕ್ತಲ್‌ನಲ್ಲಿ, ರಾಯಚೂರು ರಸ್ತೆಯ ಪಕ್ಕ ನಮ್ಮದೊಂದು ಖಾನಾವಳಿ ಇತ್ತು. ತೆಲಂಗಾಣ ಬೇರೆಯಾದ ಮೇಲೆ ಬೋರ್ಡನ್ನು ಹೊಸದಾಗಿ ಬರೆಸಿದ್ದು ಬಿಟ್ಟರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ನನ್ನ ಬಾಯಿ ಎಲ್ಲ ಹಳೆಯವೇ. ಸಂತೆಯ ದಿನ ಸುತ್ತಲಿನ ಊರಿನವರು ಬರುತ್ತಿದ್ದರು. ಆದರೆ ಹೊಟ್ಟೆ ತುಂಬುತ್ತಿದ್ದುದು ಹೈದರಾಬಾದಿನಿಂದ ಮಂತ್ರಾಲಯಕ್ಕೆ ಹೋಗುವ ಕಾರಿನವರಿಂದ. ಹಸಿವಾದರೆ ಅವರು ಬೋರ್ಡು ನೋಡುವುದಿಲ್ಲ, ಫೋನು ನೋಡುತ್ತಾರೆ.

ಅಂಥದೇ ಒಂದು ಕಾರಿನಿಂದ ನಮ್ಮ ಶನಿ ಇಳಿಯಿತು. ಗಂಡ ಹೆಂಡತಿ ಬಿಸಿ ರೊಟ್ಟಿ ತಿಂದು, ಪಕ್ಕದವರ ತಟ್ಟೆಯ ಖಡಕ್ ರೊಟ್ಟಿ ತೋರಿಸಿ ಅದನ್ನೂ ಬಡಿಸಿಕೊಂಡರು. ಬಹಳ ದಿನ ಇರಲೆಂದೇ ಒಣಗಿಸುವ ರೊಟ್ಟಿ ಅದು, ಮುರಿದರೆ ಸದ್ದು ಬರಬೇಕು. ನಗುನಗುತ್ತಲೇ ಹೋದರು. ಮರುದಿನ ಫೋನಿನಲ್ಲಿ ನಮ್ಮ ಹೆಸರಿನ ಕೆಳಗೆ ಒಂದೇ ಸ್ಟಾರು, ಜೊತೆಗೆ ಬರಹ: ಹಳಸಿ ಒಣಗಿದ ರೊಟ್ಟಿ ಹಾಕುತ್ತಾರೆ, ಮೋಸದ ಜಾಗ. ನನಗೆ ಮೈಯೆಲ್ಲ ಉರಿಯಿತು. ಅದು ಹಾಗೇ ಇರಬೇಕಾದ ರೊಟ್ಟಿ ಎಂದು ನಮ್ಮ ಯಜಮಾನರು ಉತ್ತರ ಬರೆದರು. ಅದನ್ನು ಯಾರು ಓದುತ್ತಾರೆ? ಕಾರುಗಳು ನಮ್ಮ ಮುಂದೆ ನಿಧಾನಿಸಿ ಮುಂದಕ್ಕೆ ಹೋಗತೊಡಗಿದವು.

ಹತ್ತಿರದ ನರ್ವ ಊರಿನಿಂದ ಸಂತೆಗೆ ಬರುವ ಎತ್ತಿನ ವ್ಯಾಪಾರಿ ಹಿರಿಯರೊಬ್ಬರು ನಮ್ಮ ಅತ್ತೆಯ ಕಾಲದಿಂದ ನಮ್ಮಲ್ಲೇ ಉಣ್ಣುತ್ತಿದ್ದವರು. ವಿಷಯ ಕೇಳಿ ಕೆಂಡವಾದರು.

"ನಾವೇನು ಸತ್ತೀವೇನು ತಂಗೆವ್ವಾ? ನಾವೂ ಬರೀತೀವಿ, ತಡಿ."

ಸಂತೆಯ ಗೆಳೆಯರನ್ನೆಲ್ಲ ಕೂಡಿಸಿ ಒಬ್ಬೊಬ್ಬರಿಂದಲೂ ಫೋನು ಒತ್ತಿಸಿದರು. ನನಗೆ ಕಣ್ಣು ತುಂಬಿ ಬಂತು. ಎಲ್ಲರ ತಟ್ಟೆಗೂ ಶೇಂಗಾ ಹೋಳಿಗೆ ಹಾಕಿದೆ.

ಸಂಜೆ ಫೋನು ನೋಡಿದ ಯಜಮಾನರು ಅದನ್ನು ನನ್ನ ಮುಂದೆ ಹಿಡಿದರು. ಸಾಲಾಗಿ ಎಲ್ಲರದೂ ಒಂದೊಂದೇ ಸ್ಟಾರು! ಕೆಳಗೆ ಕನ್ನಡದಲ್ಲಿ, ತೆಲುಗಿನಲ್ಲಿ ಅದೇ ಮಾತು: ಒಂದನೇ ನಂಬರ್ ಊಟ. ಎತ್ತಾಗಲಿ, ಅಳಿಯನಾಗಲಿ, ಮೆಚ್ಚಿದ್ದಕ್ಕೆಲ್ಲ ನಮ್ಮವರು ಕೊಡುವುದು ಒಂದನೇ ನಂಬರೇ. ಐದನೇ ನಂಬರ್ ಎಂದರೆ ಯಾರೂ ಬೇಡವೆಂದು ಬಿಟ್ಟುಹೋದ ಮಾಲು. ನಾನು ನಕ್ಕೆ, ಆಮೇಲೆ ಸೆರಗು ಬಾಯಿಗಿಟ್ಟು ಅತ್ತೆ. ಅಲ್ಲಿಂದ ಮುಂದೆ ಕಾರುಗಳು ನಿಧಾನಿಸುವುದನ್ನೂ ಬಿಟ್ಟವು.

ಮುಂದಿನ ಸಂತೆಗೆ ಹಿರಿಯರು ಮೀಸೆ ತಿರುವುತ್ತ ಬಂದು ಕೂತರು. "ಹೆಂಗವ್ವಾ, ಕಾರು ನಿಲ್ಲಾಕ ಹತ್ಯಾವಿಲ್ಲೋ?"

ತಿದ್ದಿಸಿದರೆ ಸರಿಹೋದೀತೆಂದು ಯಜಮಾನರು ಮೆಲ್ಲಗೆ ಹೇಳಿದರು. "ಅಣ್ಣಾರ, ಅದರಾಗ ಐದು ಒತ್ತಬೇಕ್ರೀ. ಒಂದು ಅಂದ್ರ ಭಾಳ ಕೆಟ್ಟದ್ದು ಅಂತ ಅರ್ಥ ಐತಿ."

ಅವರ ಕೈಯ ತುತ್ತು ಅಲ್ಲೇ ನಿಂತಿತು. "ಹಂಗಂದ್ರ ನಿಮ್ಮ ಅನ್ನಕ್ಕ ಮಣ್ಣು ಹಾಕಿದವ್ರು ನಾವೇನ್ರೀ?"

"ಹಂಗಲ್ರೀ ಅಣ್ಣಾರ," ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು. ಅವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ತಮ್ಮ ಫೋನು ಕೊಟ್ಟು ತಿದ್ದಿಸಿಕೊಂಡರು, ಗೆಳೆಯರಿಗೂ ಹೇಳುತ್ತೇನೆ ಎಂದು ಹೋದರು. ಹೇಳಿರಬೇಕು. ಆದರೆ ತಿದ್ದಿಸಲು ಒಬ್ಬರೂ ಬರಲಿಲ್ಲ, ಊಟಕ್ಕೂ ಬರಲಿಲ್ಲ.

ಆಮೇಲಿನ ಸಂತೆಯಲ್ಲಿ ಅವರೆಲ್ಲ ರಸ್ತೆಯ ಆಚೆ ಬದಿಯಿಂದ ತಲೆ ತಗ್ಗಿಸಿ ಹೋಗುವುದು ಕಂಡಿತು. ನಾನು ಬಾಗಿಲಿಗೆ ಬಂದು ಕೂಗಿದೆ. "ಅಣ್ಣಾರ, ಉಂಡು ಹೋಗ್ರೀ!" ಹಿರಿಯರು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡು ಬೇಗಬೇಗ ಹೆಜ್ಜೆ ಹಾಕಿದರು. ಕಾರಿನವರು ಬರದಿದ್ದರೂ ಹೇಗೋ ತಡೆದುಕೊಂಡಿದ್ದೆ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಮುಂದಿನ ಸಂತೆಗೆ ನಾವು ಒಲೆ ಹಚ್ಚಲಿಲ್ಲ.