ಎತ್ತದ ಕೈ

ನಮ್ಮ ಡ್ರಿಲ್ ಮೇಷ್ಟ್ರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಪ್ರಾಯದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಒದ್ದು ಒದ್ದು ಉದುರಿಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ಚಾಮರಾಜನಗರದ ನಮ್ಮ ಹೈಸ್ಕೂಲ್ ಮೈದಾನದ ಮಣ್ಣಿನಲ್ಲಿ ಗೆರೆ ಎಳೆದು, ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದರು. ಐವತ್ತರ ದಶಕದ ಮಾತು. ಇಪ್ಪತ್ತು ವರ್ಷದಿಂದ ಟೀಮು ಅವರದೇ. ದಿನಾ ತಮ್ಮೂರು ಉಡಿಗಾಲದಿಂದ ಸೈಕಲ್ಲಿನಲ್ಲಿ ಬರುವರು; ಹ್ಯಾಂಡಲಿನ ಒಂದು ಕಡೆ ಚೆಂಡು, ಇನ್ನೊಂದು ಕಡೆ ಹುರಿಗಡಲೆಯ ಚೀಲ.

ಆ ಕಡಲೆಗೊಂದು ಕಟ್ಟಳೆ ಇತ್ತು. ಆಡುವಾಗ ಚೆಂಡು ಯಾರ ಕೈಗಾದರೂ ತಾಕಿದರೆ, ವಿಸಿಲ್ ಊದುವ ಮೊದಲೇ ಅವನಾಗಿ ಕೈ ಎತ್ತಬೇಕು. ಎತ್ತಿದವನಿಗೆ ಆಟ ಮುಗಿದ ಮೇಲೆ ಮೊದಲ ಹಿಡಿ. “ರೆಫರಿಗಿರಾದು ಎಲ್ಡೇ ಕಣ್ಣು ಕಣ್ರಲಾ. ಮಿಕ್ಕಿದ್ದ ನೀವೇ ಯೋಳ್ಬೇಕು,” ಅನ್ನುತ್ತಿದ್ದರು. ಕಡಲೆಯ ಆಸೆಗೆ, ತಾಕದಿದ್ದರೂ ಎಷ್ಟೋ ಸಲ ನಾನು ಕೈ ಎತ್ತಿದ್ದೇನೆ! ಅವರು ನಕ್ಕು ಕೊಡುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ನಾವು ಒಂದು ಆಟವನ್ನೂ ಸೋಲಲಿಲ್ಲ. ಕೊನೆಯದು ಗುಂಡ್ಲುಪೇಟೆಯಲ್ಲಿ. ಮೈಸೂರಿನಿಂದ ಬರಬೇಕಿದ್ದ ರೆಫರಿ ಬರಲಿಲ್ಲ. ಅಲ್ಲಿಯ ಹೆಡ್ಮಾಸ್ಟರೇ ಬಂದು, “ನೀವೇ ವಿಸಿಲ್ ಹಿಡೀರಿ ಮೇಷ್ಟ್ರೆ. ನಿಮ್ಮ ಮಾತಿಗೆ ನಮ್ಮೂರಲ್ಲಿ ಎರಡಿಲ್ಲ,” ಅಂದರು. ಎದುರು ಟೀಮಿನ ಮೇಷ್ಟ್ರ ಕೈಗೆ ವಿಸಿಲ್ ಕೊಡುವುದೆಂದರೆ ಸಣ್ಣ ಮಾತೇ?

ಆಟ ಮುಗಿಯಲು ಎರಡು ನಿಮಿಷವಿತ್ತು. ಎರಡೂ ಕಡೆ ಗೋಲಿಲ್ಲ. ಗೋಲಿನ ಮುಂದೆ ಗುಂಪು, ಧೂಳು. ಎದೆಯ ಎತ್ತರಕ್ಕೆ ಬಂದ ಚೆಂಡನ್ನು ನಾನು ಮುಂಗೈಯಿಂದ ಕೆಳಕ್ಕೆ ತಟ್ಟಿಕೊಂಡು ಒದ್ದೆ. ಗೋಲಾಯಿತು. ಅವರ ಗೋಲ್‌ಕೀಪರ್ “ಕೈ! ಕೈ!” ಅಂತ ಕೂಗಿಕೊಂಡ. ಮೇಷ್ಟ್ರು ಹಿಂದಿದ್ದರು, ಕಂಡಿರಲಿಲ್ಲ. ಓಡಿಬಂದು ನನ್ನನ್ನೇ ಕೇಳಿದರು.

“ಕೈ ತಾಕ್ತೇನ್ಲಾ?”

“ಇಲ್ಲ ಸಾ.”

ಇನ್ನೊಂದು ಸಲ ಕೇಳಲಿಲ್ಲ. ಗೋಲಿಗೆ ವಿಸಿಲ್ ಊದಿದರು.

ಜನ ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಂಡು ಬಂದರು. “ತನ್ ಐಕ್ಳ ಗೆಲ್ಲುಸ್ಕಂಡ! ಇವನ್ಯಾವ ಸೀಮೆ ಮೇಷ್ಟ್ರ್ಲಾ!” ಗುಂಪಿನಿಂದ ಯಾರೋ ಎಸೆದ ಸಗಣಿ ಅವರ ಬಿಳಿ ಶರ್ಟಿಗೆ ಬಡಿಯಿತು. ಬಸ್ಸಿನಲ್ಲಿ ಅದನ್ನು ಒರೆಸಿಕೊಳ್ಳುತ್ತಾ, ಪಕ್ಕದಲ್ಲಿದ್ದ ನನಗೆ, “ಅವ್ರು ಏನಾರ ಅಂದ್ಕಳ್ಳಿ ಬುಡು. ನೀನು ಇಲ್ಲ ಅಂದ್ಮೇಲೆ ಇಲ್ಲ ಕಣ,” ಅಂದರು. ಆಗಲೇ ಬಾಯಿ ಬಿಡಬಹುದಿತ್ತು. ಗೆದ್ದ ಶೀಲ್ಡು ನನ್ನ ತೊಡೆಯ ಮೇಲಿತ್ತು. ಅದನ್ನು ಬಿಗಿಯಾಗಿ ಹಿಡಿದು ಕೂತೆ. ಹೇಡಿ ನಾನು.

ಆಮೇಲೆ ಸುತ್ತಮುತ್ತಲಿನ ಯಾವ ಊರಿನವರೂ ಅವರನ್ನು ರೆಫರಿಯಾಗಿ ಕರೆಯಲಿಲ್ಲ. ಅವರು ವಿಸಿಲ್ ಮುಟ್ಟುವುದನ್ನೇ ಬಿಟ್ಟರು. ಪ್ರಾಕ್ಟೀಸಿಗೂ ಚಪ್ಪಾಳೆ ತಟ್ಟಿ ಕರೆಯುವರು. ಕಡಲೆ ಮಾತ್ರ ತಪ್ಪದೆ ತರುತ್ತಿದ್ದರು. ಸ್ಕೂಲು ಬಿಡುವವರೆಗೂ ನಾನದನ್ನು ನಾಚಿಕೆಯಿಲ್ಲದೆ ತಿಂದೆ.

ಎಷ್ಟೋ ವರ್ಷದ ಮೇಲೆ ಅವರು ತೀರಿಕೊಂಡರೆಂದು ತಿಳಿದು ಉಡಿಗಾಲಕ್ಕೆ ಹೋದೆ. ಹೊದಿಕೆಯ ಹೊರಗೆ ಆ ಉಗುರಿಲ್ಲದ ಬೆರಳು ಕಾಣುತ್ತಿತ್ತು. ಎಲ್ಲರೂ ಕಾಲು ಮುಟ್ಟಿ ನಮಸ್ಕರಿಸಿದರು. ನನಗೆ ಧೈರ್ಯ ಬರಲಿಲ್ಲ. ಮಣ್ಣಾದ ಮೇಲೆ ಸೀದಾ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಆ ಗೋಲ್‌ಕೀಪರ್ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ. ಅವನೆದುರು ಕೂತು ಎಲ್ಲ ಹೇಳಿದೆ, ಸಾವಿನ ಸುದ್ದಿಯೊಂದನ್ನು ಬಿಟ್ಟು. ಅದಕ್ಕೆ ನಾಲಗೆ ಏಳಲಿಲ್ಲ.

ಅವನು ತಲೆ ತಗ್ಗಿಸಿದ. “ಅವತ್ತು ಸಗಣಿ ಎಸೆದವ್ನು ನಾನೇ ಕಣಯ್ಯ,” ಅಂದವನೇ ಎದ್ದು ಚಪ್ಪಲಿ ಮೆಟ್ಟಿದ. “ನಡಿ, ಈಗ್ಲೇ ಉಡಿಗಾಲಕ್ಕೆ ಓಗನ. ಇಬ್ರೂ ಕಾಲಿಗೆ ಬೀಳನ.”

“ಬೆಳಿಗ್ಗೆ ಮಣ್ಣು ಮಾಡೇ ಬಂದೆ,” ಅಂದೆ.

ಅವನು ಚಪ್ಪಲಿ ಬಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದ.