ಪೆನಾಂಗಿನಲ್ಲಿ ಬಿಸಿ ಊಟ

ಮದ್ರಾಸಿನಿಂದ ಹೊರಟ ಹಡಗು ಏಳನೆಯ ದಿನ ಬೆಳಗ್ಗೆ ಪೆನಾಂಗ್ ದ್ವೀಪ ಮುಟ್ಟಿತು. ಜಯನಗರದ ಪಕ್ಕದ ಸಿದ್ದಾಪುರದಲ್ಲಿ ನಮ್ಮದೊಂದು ಸಸಿಗಳ ನರ್ಸರಿ ಇದೆ. ಅದಕ್ಕೆ ಆರ್ಕಿಡ್ ತಳಿಗಳನ್ನು ತರಲೆಂದು ಯಜಮಾನರು ಹೊರಟಿದ್ದರು. ಅವರಿಗೆ ಪರರ ಅಡುಗೆ ಒಗ್ಗದು ಎಂಬ ಕಾರಣಕ್ಕೆ, ಮನೆಯನ್ನು ಅತ್ತೆಯವರಿಗೆ ಒಪ್ಪಿಸಿ ನಾನೂ ಜೊತೆಗೆ ಹೊರಟೆ. ನಾನು ಕಟ್ಟಿಕೊಂಡಿದ್ದ ಅವಲಕ್ಕಿ, ಚಟ್ನಿಪುಡಿಯ ಡಬ್ಬಗಳಿಗೆ ದಾರಿಯಲ್ಲೇ ಸಮುದ್ರದ ನೀರು ನುಗ್ಗಿ ಎಲ್ಲವೂ ಬೂಷ್ಟು ಹಿಡಿಯಿತು. ಹೊರದೇಶಕ್ಕೆ ಒಯ್ಯಲು ಸರ್ಕಾರ ಬಿಟ್ಟ ಹಣವೂ ಅಷ್ಟಕ್ಕಷ್ಟೆ. ಹಾಗಾಗಿ ಅಲ್ಲಿದ್ದ ನಾಲ್ಕು ದಿನವೂ ಅಗ್ಗದ ಅಂಗಡಿಗಳೇ ಗತಿಯಾದವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಯಜಮಾನರೊಡನೆ ಕುಳಿತು ಉಂಡವಳಲ್ಲ. ಜಯನಗರದ ನಮ್ಮ ಮನೆಯಲ್ಲಿ ಅವರು ಉಂಡೆದ್ದ ಮೇಲೆ ಅದೇ ಎಲೆಗೆ ಬಡಿಸಿಕೊಳ್ಳುವುದು ನಡೆದುಬಂದ ಕ್ರಮ. ಅಷ್ಟು ಹೊತ್ತಿಗೆ ಅನ್ನ ಆರಿರುತ್ತಿತ್ತು. ಅದಕ್ಕೆ ನನಗೆ ಕೋಪವೇನೂ ಇರಲಿಲ್ಲ. ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಮೊದಲ ದಿನ ಬಂದರಿನ ಬಳಿಯ ತಮಿಳರ ಊಟದ ಮನೆಗೆ ಹೋದೆವು. ಅನ್ನ, ಸಾಂಬಾರು, ಎರಡು ಪಲ್ಯಕ್ಕೆ ಐವತ್ತು ಸೆಂಟು. ಯಜಮಾನರು ಉಂಡೆದ್ದ ಮೇಲೆ ನಾನು ಅವರ ಎಲೆಗೇ ಬಡಿಸಿಕೊಂಡಾಗ ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ದಿನ ಮಲಯ ಹೆಂಗಸೊಬ್ಬಳು ಮರದ ಕೆಳಗೆ ಹಸಿರು ದೋಸೆಯೊಳಗೆ ಕಾಯಿಬೆಲ್ಲ ಸುತ್ತಿ ಮಾರುತ್ತಿದ್ದಳು. ಒಬ್ಬಟ್ಟಿನ ಹೂರಣಕ್ಕೆ ಏಲಕ್ಕಿ ಮರೆತ ಹಾಗಿತ್ತು. ಯಜಮಾನರು ನಾಲ್ಕು ತಿಂದರು. ಉಳಿದೆರಡನ್ನು ನಾನು ವಸತಿಗೆ ಬಂದ ಮೇಲೆ ತಿಂದೆ. ಎರಡೂ ದಿನ ಮಧ್ಯಾಹ್ನ ಮಳೆ ಬಂತು, ಸೆಕೆ ಮಾತ್ರ ಇಳಿಯಲಿಲ್ಲ.

ಮೂರನೆಯ ದಿನ ಮಾಂಸ ಮುಟ್ಟದ ಚೀನೀಯರ ಅಂಗಡಿ ಹುಡುಕಿ ಹೋದೆವು. ನಡೆಸುವವಳು ನನ್ನ ವಯಸ್ಸಿನ ಹೆಂಗಸು. ಶಾವಿಗೆಯಂಥ ಎಳೆಗಳು, ಗಿಣ್ಣಿನಂಥ ತುಂಡುಗಳು ತೇಲುವ ಎರಡು ಬಟ್ಟಲುಗಳನ್ನು ಒಟ್ಟಿಗೇ ತಂದಿಟ್ಟಳು. ಯಜಮಾನರು ತಿನ್ನತೊಡಗಿದರು, ನಾನು ಕಾಯುತ್ತ ಕುಳಿತೆ. ಅವಳು ನನ್ನ ಬಟ್ಟಲನ್ನು ಮುಟ್ಟಿ ನೋಡಿ, ಒಳಗೊಯ್ದು ಬಿಸಿ ಮಾಡಿ ತಂದಳು. ಅದೂ ಆರಿತು. ಮತ್ತೆ ಒಯ್ದಳು. ಮೂರನೆಯ ಸಲ ಸೊಂಟದ ಮೇಲೆ ಕೈಯಿಟ್ಟು ನಿಂತು ಏನೋ ಕೇಳಿದಳು.

ಪಕ್ಕದ ಮೇಜಿನ ತಮಿಳರೊಬ್ಬರು, "ತನ್ನ ಅಡುಗೇಲಿ ಏನು ತಪ್ಪಾಗಿದೆ ಅಂತ ಕೇಳ್ತಿದಾಳಮ್ಮ," ಎಂದರು. ನರ್ಸರಿಯ ಆಳುಗಳಿಂದ ಕಲಿತ ತಮಿಳಿನಲ್ಲಿ, "ತಪ್ಪೇನಿಲ್ಲ, ಅವರದಾದ ಮೇಲೆ ನಂದು," ಎಂದೆ. ಆ ತಮಿಳರು ಅದನ್ನು ಅವಳಿಗೆ ತಿಳಿಸಿ, ಅವಳ ಉತ್ತರ ಕೇಳಿ ನಕ್ಕರು. "ಬಡಿಸೋಕೆ ನಾನಿದೀನಲ್ಲ, ನೀನ್ಯಾಕೆ ಕಾಯ್ತೀಯ ಅಂತಾಳೆ."

ಯಜಮಾನರ ಕಿವಿ ಕೆಂಪಾಯಿತು. "ತಿನ್ನು," ಎಂದರು. "ಇಲ್ದಿದ್ರೆ ನಾಳೆವರೆಗೂ ಬಿಸಿ ಮಾಡ್ತಾನೇ ಇರ್ತಾಳೆ."

ತಿಂದೆ. ನಾಲಿಗೆ ಸುಟ್ಟಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ನಾಲ್ಕನೆಯ ದಿನವೂ ಅಲ್ಲಿಗೇ ಹೋಗೋಣವೆಂದು ಹಟ ಹಿಡಿದವಳು ನಾನೇ. ಬಟ್ಟಲಿಗೆ ಮೂವತ್ತು ಸೆಂಟು, ಅದಕ್ಕಿಂತ ಅಗ್ಗ ಅಲ್ಲಿ ಇನ್ನೆಲ್ಲಿಯೂ ಸಿಗಲಿಲ್ಲ ಎಂಬ ನೆಪವೂ ಇತ್ತು.

ಮರಳುವ ಹಡಗಿನಲ್ಲಿ ಧೈರ್ಯ ಮಾಡಿ ಕೇಳಿದೆ. "ರೀ, ಮನೇಲೂ ನಿಮ್ಜೊತೆ ಊಟಕ್ಕೆ ಕೂತ್ಕೊಳ್ಲಾ?"

"ಅಮ್ಮನ್ನ ಕೇಳು," ಎಂದು ಅವರು ಆರ್ಕಿಡ್ ಬುಟ್ಟಿಗಳಿಗೆ ನೀರು ಚಿಮುಕಿಸಲು ಹೋದರು. ಅತ್ತೆಯವರನ್ನು ಏನೆಂದು ಕೇಳುವುದು ಎಂದು ಉಳಿದ ಆರು ದಿನ ಯೋಚಿಸಿದೆ. ಮಾತು ಹೊಂದಲಿಲ್ಲ.

ಮದ್ರಾಸಿನಿಂದ ರೈಲಿನಲ್ಲಿ ಬಂದು ದಂಡಿನ ಸ್ಟೇಷನ್ನಿನಲ್ಲಿ ಇಳಿದು ಜಟಕಾದಲ್ಲಿ ಮನೆ ಸೇರುವಾಗ ಊಟದ ಹೊತ್ತು. ಅತ್ತೆಯವರು ಅಡುಗೆ ಮುಗಿಸಿದ್ದರು. ನಾನು ಸ್ನಾನ ಮಾಡಿ ಬಂದು, ಏನೂ ಕೇಳದೆ ಎರಡು ಎಲೆ ಹಾಕಿದೆ.

"ಯಾರೇ ಬರ್ತಿರೋದು?" ಎಂದರು ಅತ್ತೆ.

"ಯಾರೂ ಇಲ್ಲ ಅತ್ತೆ. ಇದು ನಂಗೆ."

ಯಜಮಾನರು ಎಲೆಯಿಂದ ಕಣ್ಣೆತ್ತಲಿಲ್ಲ. ಅತ್ತೆಯವರು, "ಹಂಗಾದ್ರೆ ಬಡಿಸೋರು ಯಾರು?" ಎಂದರು. ಬಗ್ಗಿ ಎಲೆ ತೆಗೆಯಹೋದೆ.

"ಅದನ್ಯಾಕೆ ತೆಗೀತೀಯ, ಕೂತ್ಕೋ," ಎಂದು ಅತ್ತೆಯವರು ಅನ್ನದ ಪಾತ್ರೆ ಎತ್ತಿಕೊಂಡರು. "ಆರೋಕೆ ಮುಂಚೆ ತಿನ್ನು. ನಾನು ಬಿಸಿ ಅನ್ನ ಉಂಡಿದ್ದು ಮದುವೆಗೆ ಮುಂಚೆ."

ಕುಳಿತು ಉಂಡೆ. ಮೂರನೆಯದೊಂದು ಎಲೆ ಹಾಕಬೇಕಿತ್ತು ಎಂದು ನನಗೆ ಹೊಳೆಯುವಾಗ ಅವರು ನಮ್ಮಿಬ್ಬರಿಗೂ ಮಜ್ಜಿಗೆ ಬಡಿಸುತ್ತಿದ್ದರು.