ಔರಾದಿನ ಆರು ಚುಕ್ಕೆ

ಗಡಿಯಾರ ನೋಡಿದ ಮೇಲೂ ಒಮ್ಮೆ ಬಿಸಿಲು ನೋಡಿಯೇ ನಂಬುವ ಹೆಂಗಸು ಗಿರಿಜಾಬಾಯಿ. ಭಾತಂಬ್ರಾ ಊರಿನವಳು. ಬೀದರಿನ ಕೊಳಾರದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಕತ್ತರಿಸುತ್ತಾಳೆ. ಅವಳ ಕೈಯಲ್ಲಿ ಬಟ್ಟೆಯ ಒಂದು ಥಾನೂ ಹಾಳಾಗಿಲ್ಲ. ಆ ಹೆಸರೇ ಅವಳ ಆಸ್ತಿ.

ಈ ಸಲ ಭಾಲ್ಕಿ, ಔರಾದಿನ ಶಾಲೆಗಳಿಗೆ ಇನ್ನೂರು ಕುರ್ತಾ. ಬಂದಿದ್ದು ಹುಡುಗಿಯರ ಎತ್ತರದ ಪಟ್ಟಿ ಮಾತ್ರ. ಬಿ.ಎಸ್ಸಿ. ಓದುವ ಮಗಳು ಮಾಯಾ ಉಪಾಯ ಹೇಳಿಕೊಟ್ಟಳು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಎತ್ತರ, ಮೇಲಕ್ಕೆ ಕುರ್ತಾದ ಉದ್ದ. ಭಾಲ್ಕಿಯಲ್ಲಿ ಗಿರಿಜಾಬಾಯಿ ತಾನೇ ಅಳೆದ ಮೂವತ್ತು ಹುಡುಗಿಯರಿಗೆ ಮೂವತ್ತು ಚುಕ್ಕೆ. ಎರಡು ಗುಂಡುಸೂಜಿಗೆ ಬಿಗಿದ ಕೆಂಪು ದಾರ ಆ ಚುಕ್ಕೆಗಳ ನಡುವೆ ಹಾಯ್ದು, ಯಾವ ಎತ್ತರಕ್ಕೆ ಎಷ್ಟು ಉದ್ದ ಎಂದು ಹೇಳುತ್ತಿತ್ತು.

ಎತ್ತರದ ಹುಡುಗಿಯರ ಕಡೆ ಮಾತ್ರ ಹಾಳೆ ಖಾಲಿ. ಅದಕ್ಕೆ ಮಾಲೀಕರು ಕಾರ್ಖಾನೆಯ ಕೆಲಸಗಾರ ಅಯ್ಯುಬನನ್ನು ಔರಾದಿಗೆ ಅಟ್ಟಿ, ಹತ್ತನೇ ಇಯತ್ತೆಯ ಆರು ಹುಡುಗಿಯರ ಅಳತೆ ತರಿಸಿದರು. ಆ ಆರು ಚುಕ್ಕೆ ಇಟ್ಟದ್ದೇ ತಡ, ಅವಕ್ಕೂ ಹೊಂದುವಂತೆ ದಾರದ ಬಲತುದಿಯನ್ನು ಮೇಲಕ್ಕೆ ಸರಿಸಬೇಕಾಯಿತು. ಹೀಗೇ ಕತ್ತರಿಸಿದರೆ ಎತ್ತರದ ಹುಡುಗಿಯರ ಕುರ್ತಾ ಮೊಣಕಾಲು ದಾಟಿ ಜೋಲುತ್ತದೆ!

"ಮೂವತ್ತು ಚುಕ್ಕಿ ಇರೂವಾಗ ಆರು ಚುಕ್ಕಿ ಹ್ಯಾಂಗ ಎಳದಾವ?"

"ಅವು ಕಡೀಗಿ ಅವ ಅವ್ವಾ," ಎಂದಳು ಮಾಯಾ. "ಬಾಗಿಲ ಬಿಜಾಗರಿ ಕಡಿ ತಳ್ಳಿದ್ರ ಅಲುಗಂಗಿಲ್ಲ, ಚಿಲಕದ ಕಡಿ ಒಂದು ಬೊಟ್ಟ ಹಚ್ಚಿದ್ರ ಸಾಕು."

ಗಿರಿಜಾಬಾಯಿಗೆ ಅನುಮಾನ ಹತ್ತಿತು. ಆರೂ ಚುಕ್ಕೆ ದಾರ ಮೊದಲಿದ್ದ ಜಾಗಕ್ಕಿಂತ ಮೇಲೇ! ಒಂದೂ ಕೆಳಗಿಲ್ಲ!

"ಏನೋ ಅಯ್ಯುಬ, ಪೋರಿಗೋಳ ಮೈ ಅಳದಿಯೋ, ಬಸ್ ಸ್ಟ್ಯಾಂಡಿನ್ಯಾಗ ಚಾ ಕುಡಕೋತ ಬರದಿಯೋ?"

"ಖಸಮ್ ಅಕ್ಕಾ, ಮನಿಮನಿಗಿ ಹೋಗೀನಿ!"

"ಆಣಿ ಹಾಕವ್ರ ಟೇಪ ಮೊದಲ ನೋಡ್ಬೇಕು." ಟೇಪು ಸರಿಯಾಗಿಯೇ ಇತ್ತು. ಅನುಮಾನ ಹೆಚ್ಚಾಯಿತು.

ಮರುದಿನ ಅವಳೇ ಔರಾದಿನ ಬಸ್ಸು ಹತ್ತಿದಳು. ಮೊದಲ ಮನೆಯಲ್ಲಿ ಹಮೀದುನ್ನಿಸಾ, ಪಟ್ಟಿಯಲ್ಲಿದ್ದ ಹುಡುಗಿಯ ತಾಯಿ, ಚಹಾ ಕೊಟ್ಟಳು.

"ಅಯ್ಯುಬ ಬಂದಿದ್ನೇನ್ರಿ?"

"ಬಂದಿದ್ನರಿ. ಪೋರಿ ಮೈ ಮುಟ್ಟಬ್ಯಾಡಪ್ಪಾ, ನಾನೇ ಅಳತಿ ಹೇಳ್ತೇನಿ ಅಂದಿನ್ರಿ. ಬೆಳಿಯೋ ಪೋರಿ ನೋಡ್ರಿ, ನಾಕು ಬೊಟ್ಟ ಹೆಚ್ಚಿಗಿ ಹೇಳೀನಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗೇ ಹೇಳ್ತೇವ್ರಿ."

ಗಿರಿಜಾಬಾಯಿಯ ಬಾಯಿಗೆ ಚಹಾ ಸಪ್ಪೆಯಾಯಿತು. ಮಾಯಾಳ ಕುರ್ತಾಗೆ ತಾನೂ ಪ್ರತಿ ವರ್ಷ ನಾಲ್ಕು ಬೆರಳು ಬಿಟ್ಟವಳೇ!

ಆದರೂ ಮಾತು ನಂಬಿ ವಾಪಸು ಬರುವವಳಲ್ಲ. ಆರೂ ಮನೆ ತಿರುಗಿ ಆರೂ ಹುಡುಗಿಯರನ್ನು ನಿಲ್ಲಿಸಿ ಅಳೆದಳು. ಬೀದರಿಗೆ ಮರಳಿ ದಾರವನ್ನು ಮೊದಲಿನ ಜಾಗಕ್ಕೆ ಇಳಿಸಿ ಹೊಸ ಅಳತೆ ಗುರುತಿಸಿದಾಗ, ಐದು ಚುಕ್ಕೆ ಇಳಿದು ದಾರದ ಅಕ್ಕಪಕ್ಕ ಕುಳಿತವು. ಹಮೀದುನ್ನಿಸಾಳ ಮಗಳದ್ದು ಮಾತ್ರ ನಾಲ್ಕು ಬೆರಳು ಇಳಿದರೂ ದಾರಕ್ಕಿಂತ ಮೇಲೇ ಉಳಿಯಿತು. ಅವಳನ್ನು ಎರಡು ಸಲ ಅಳೆದಿದ್ದರೂ ಅಷ್ಟೇ. ಎತ್ತರದ ಲೆಕ್ಕಕ್ಕೆ ಆ ಹುಡುಗಿಯ ಮೈಯೇ ಉದ್ದ.

"ಇದನ್ನ ಅಳಿಸ್ಬಿಡು ಅಕ್ಕಾ, ದಾರ ಚೊಲೊ ಕೂಡ್ತದ," ಎಂದ ಅಯ್ಯುಬ.

"ಸುಳ್ಳ ಇದ್ರ ಅಳಸ್ತಿದ್ದೆ. ಇದು ಪೋರಿ ಮೈ ಅದ."

ದಾರದ ತುದಿಯನ್ನು ಒಂದು ಕೂದಲೆಳೆಯಷ್ಟು ಏರಿಸಿ ಸೂಜಿ ಚುಚ್ಚಿದಳು. ಆಮೇಲೆ ಆರು ಹುಡುಗಿಯರ ಹೆಸರಿನ ಮುಂದೆ, ಬೆಳೆದಾಗ ಬಿಚ್ಚಲೆಂದು ಅಂಚಿನೊಳಗೆ ನಾಲ್ಕು ಬೆರಳು ಮಡಿಕೆ ಬಿಡಬೇಕೆಂದು ಬರೆದು ಥಾನು ಹಾಸಿದಳು.

ಕತ್ತರಿ ಇಳಿಸುವ ಮುನ್ನ ಅಯ್ಯುಬನ ಟೇಪನ್ನು ತನ್ನ ಟೇಪಿಗೆ ಇನ್ನೊಮ್ಮೆ ಜೋಡಿಸಿ ನೋಡಿದಳು.